ಬೋರೇಶ ಕಾರಿಗೆ ತೇಪೆ ಹಾಕಿದ್ದು

ಅರಸೀಕೆರೆಯಲ್ಲಿ ಸಣ್ಣತಾಯಮ್ಮ ಅಂತ ಒಬ್ಬ ತಾಯಿ, ಅವಳಿಗೆ ಬೋರೇಶ ಅಂತ ಒಬ್ಬ ಮಗ. ಮಗನಿಗೆ ಮೀಸೆ ಬಂದು ಎಷ್ಟೋ ಕಾಲವಾಗಿತ್ತು, ಬುದ್ಧಿ ಇನ್ನೂ ತನ್ನ ಊರು ಬಿಟ್ಟು ಇವನ ಕಡೆಗೆ ಹೊರಟೇ ಇರಲಿಲ್ಲ. ಒಳ್ಳೆಯವನು, ಪಾಪ. ಹೇಳಿದ ಮಾತು ಮೀರುವವನಲ್ಲ. ತೊಂದರೆ ಬಂದಿದ್ದೇ ಅಲ್ಲಿ! ಅನ್ನ ಬೆಂದಿದೆಯಾ, ಒಂದು ಅಗುಳು ಹಿಚುಕಿ ನೋಡೋ ಅಂದರೆ ಹಿಚುಕಿ ನೋಡುತ್ತಿದ್ದ. "ಇದು ಬೆಂದದೆ ಕಣವ್ವ, ಪಕ್ಕದ್ದರ ಸಮಾಚಾರ ಗೊತ್ತಿಲ್ಲ" ಅಂತ ಅದನ್ನೂ ಹಿಚುಕುತ್ತಿದ್ದ. ಸಣ್ಣತಾಯಮ್ಮ ನಲ್ಲಿಯಿಂದ ಒಂದು ಕೊಡ ನೀರು ತರುವಷ್ಟರಲ್ಲಿ ತಪ್ಪಲೆಯ ಅನ್ನವೆಲ್ಲ ಅಂಬಲಿಯಾಗಿರುತ್ತಿತ್ತು.

"ಅಯ್ಯೋ, ನನ್ನ ಹೊಟ್ಟೇಲಿ ಹುಟ್ಟಿದ ಗುಂಡುಕಲ್ಲೇ!" ಅಂತ ಅವಳು ಹಣೆ ಚಚ್ಚಿಕೊಳ್ಳುತ್ತಿದ್ದಳು.

"ನೀ ಹೇಳ್ದಂಗೇ ಮಾಡ್ದೆ ಕಣವ್ವ!" ಅಂತ ಅವನು ನಗುತ್ತಿದ್ದ.

ಒಂದು ಕೆಲಸ ಮಾತ್ರ ಅವನಿಗೆ ಚೆನ್ನಾಗಿ ಬರುತ್ತಿತ್ತು, ಕಾರು ಓಡಿಸುವುದು. ಅಪ್ಪ ಡ್ರೈವರ್ ಮರಿಯಪ್ಪ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದ. ಎಡಕ್ಕೆ ಅಂದರೆ ಎಡಕ್ಕೆ, ಮೆಲ್ಲಗೆ ಅಂದರೆ ಮೆಲ್ಲಗೆ. ಕಾರಿಗೆ ಅಂಥವನೇ ಬೇಕು ನೋಡಿ.

ಆ ಮರಿಯಪ್ಪನದೊಂದು ಅಂಬಾಸಿಡರ್ ಇತ್ತು, ಕೆನೆ ಬಣ್ಣದ್ದು. ಸುತ್ತಮುತ್ತ ಯಾರ ಮನೆ ಮದುವೆಯಾದರೂ ಹೆಣ್ಣು ಅತ್ತೆಮನೆಗೆ ಹೋಗುತ್ತಿದ್ದದ್ದು ಅದರಲ್ಲೇ. ಊರ ಹೆಣ್ಣುಮಕ್ಕಳೆಲ್ಲ ಅದರ ಹಿಂದಿನ ಸೀಟಿನಲ್ಲಿ ಕೂತು ಅತ್ತವರೇ. ಕೂರದವಳು ಸಣ್ಣತಾಯಮ್ಮ ಒಬ್ಬಳೇ. ಅವಳ ಮದುವೆಯ ದಿನ ಕಾರು ಬೇರೆ ಯಾರದೋ ಮದುವೆಗೆ ಮೊದಲೇ ಬಾಡಿಗೆಗೆ ಗೊತ್ತಾಗಿತ್ತು. ಕೊಟ್ಟ ಮಾತು ತಪ್ಪಬಾರದು ಅಂತ ಮರಿಯಪ್ಪ ಗೆಳೆಯನ ಕೈಲಿ ಕಾರು ಕಳಿಸಿ, ತಾನು ಹೊಸ ಹೆಂಡತಿಯನ್ನು ಬಸ್ಸಿನಲ್ಲಿ ನಿಲ್ಲಿಸಿಕೊಂಡು ಬಂದಿದ್ದ. ಆಮೇಲೂ ಹಿಂದಿನ ಸೀಟು ಬಾಡಿಗೆಯವರದ್ದೇ ಆಯಿತು. ಸಣ್ಣತಾಯಮ್ಮ ಅದನ್ನು ಒರೆಸಿದ್ದೇ ಒರೆಸಿದ್ದು, ಕೂತದ್ದಿಲ್ಲ.

ಮರಿಯಪ್ಪ ಕಣ್ಣು ಮುಚ್ಚುವ ಮುಂಚೆ ಹೆಂಡತಿಯ ಕೈ ಹಿಡಿದುಕೊಂಡು ಹೇಳಿದ್ದ. "ಊರ ಹೆಣ್ಣುಮಕ್ಕಳನ್ನೆಲ್ಲ ದಾಟಿಸಿದ ಕಾರು ಕಣೇ. ನಮ್ಮ ವನಜನೂ ಅದರಲ್ಲೇ ಹೋಗ್ಬೇಕು. ಬೇರೆ ಯಾರ ಕಾರಲ್ಲೂ ಕಳಿಸ್ಬೇಡ."

ಈಗ ಮಗಳು ವನಜಳಿಗೆ ಬಾಣಾವರದ ಸಂಬಂಧ ಕುದುರಿತ್ತು. ಕಾರು ಮನೆ ಮುಂದಿನ ಹೊಂಗೆ ಮರದ ಕೆಳಗೆ ನಿಂತಲ್ಲೇ ನಿಂತಿತ್ತು. ಎಂಜಿನ್ನು ಗಟ್ಟಿ, ಕೀ ತಿರುಗಿಸಿದರೆ ಗುರ್ ಅನ್ನುತ್ತಿತ್ತು. ಮೈ ಮಾತ್ರ ಹೋಗಿತ್ತು. ಬಾಗಿಲ ಬುಡವೆಲ್ಲ ತುಕ್ಕು, ಮಡ್‌ಗಾರ್ಡು ತೂತು, ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕೂತಿತ್ತು. ಗ್ಯಾರೇಜಿನವರು ಬಂದು ನೋಡಿದರು, ತಲೆ ಅಲ್ಲಾಡಿಸಿದರು, ಟೀ ಕುಡಿದು ಹೋದರು. ಕಡೆಗೆ ಮರಿಯಪ್ಪನ ಹಳೇ ಗೆಳೆಯ, ಕಾರಿನ ತಗಡು ರಿಪೇರಿ ಮಾಡುವ ಟಿಂಕರ್ ಜಬ್ಬಾರ್ ಸಾಬರು ಬಂದರು.

"ನೋಡಮ್ಮ ತಂಗಿ, ವೆಲ್ಡಿಂಗು ನಾನು ಮಾಡಿಕೊಡ್ತೀನಿ, ಬಣ್ಣಾನೂ ಹೊಡೀತೀನಿ. ಆದರೆ ಕೂತು ಉಜ್ಜೋ ವಯಸ್ಸು ನಂದಲ್ಲ. ಉಜ್ಜೋ ಕೆಲಸ ನಿನ್ನ ಮಗ ಮಾಡಲಿ."

"ಇವನಾ ಜಬ್ಬಾರಣ್ಣ!"

"ಉಜ್ಜೋದಕ್ಕೇನು ಓದು ಬೇಕಾ? ಬೋರೇಶ, ಕೇಳಿಲ್ಲಿ. ತುಕ್ಕು ಕಂಡಲ್ಲೆಲ್ಲ ಈ ತಂತಿ ಬ್ರಷ್ಷಲ್ಲಿ ಉಜ್ಜು. ಬೆಳ್ಳಗೆ ಬೆಳಕು ಕಾಣೋವರೆಗೂ ಬಿಡಬೇಡ!"

"ಹಂಗೇ ಆಗ್ಲಿ ಸಾಬಣ್ಣ!" ಅಂದ ಬೋರೇಶ.

ಉಜ್ಜಿದ. ಉಜ್ಜಿದ ಅಂದರೆ ಉಜ್ಜಿದ! ಊಟಕ್ಕೆ ಕರೆದರೂ ಬರಲಿಲ್ಲ, ನೀರಿಗೆ ಕರೆದರೂ ಬರಲಿಲ್ಲ. ಸಂಜೆ ಸಣ್ಣತಾಯಮ್ಮ ಹೋಗಿ ನೋಡುತ್ತಾಳೆ, ಬಾಗಿಲ ಈ ಕಡೆ ನಿಂತರೆ ಆ ಕಡೆ ಎದುರು ಮನೆಯ ಎಮ್ಮೆ ಕಾಣುತ್ತಿದೆ.

"ಏನೋ ಇದು! ಬಾಗಿಲೆಲ್ಲೋ?"

"ಬೆಳಕು ಕಾಣೋವರೆಗೂ ಉಜ್ಜು ಅಂದಿದ್ರಲ್ಲವ್ವ. ಉಜ್ಜಿದೆ, ಉಜ್ಜಿದೆ, ಈಗ ನೋಡು ಎಂಥ ಬೆಳಕು! ನೀ ಬಂದ್ರೂ ಕಾಣುತ್ತೆ, ಎಮ್ಮೆ ಬಂದ್ರೂ ಕಾಣುತ್ತೆ."

"ಅಯ್ಯೋ, ನನ್ನ ಹೊಟ್ಟೇಲಿ ಹುಟ್ಟಿದ ಗುಂಡುಕಲ್ಲೇ! ಮೊದಲು ಬೆರಳಲ್ಲಿ ಒತ್ತಿ ನೋಡಬಾರದಾ? ಒತ್ತಿದ್ರೆ ಗಟ್ಟಿಗಿರೋದನ್ನ ಉಜ್ಜಬೇಕು. ಒಳಕ್ಕೆ ಹೋಗೋದನ್ನ ಕತ್ತರಿಸಿ ತೆಗೆದು ತಗಡಿನ ತೇಪೆ ಹಾಕಬೇಕು!"

"ಹಂಗೇ ಆಗ್ಲವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಜಬ್ಬಾರ್ ಸಾಬರು ಬೈದುಕೊಂಡೇ ಹೊಸ ತಗಡು ಕತ್ತರಿಸಿ ಬಾಗಿಲಿಗೆ ಬೆಸುಗೆ ಹಾಕಿದರು. ಮಿಕ್ಕಿದ ತಗಡನ್ನೂ ಕತ್ತರಿಯನ್ನೂ ಮರದ ಕೆಳಗೇ ಬಿಟ್ಟು ಮನೆಗೆ ಹೋದರು. ಬಿಡಬಾರದಿತ್ತು.

ಮಾರನೇ ದಿನ ಬೋರೇಶ ಕಾರಿನ ಸುತ್ತ ಒತ್ತುತ್ತ ಹೊರಟ. ಬಾನೆಟ್ಟು ಒತ್ತಿದ, ಗಟ್ಟಿ. ಡಿಕ್ಕಿ ಒತ್ತಿದ, ಗಟ್ಟಿ. ಒಳಗೆ ಹೋಗಿ ಕೋಳಿಯನ್ನು ಇಳಿಸಿ ಹಿಂದಿನ ಸೀಟು ಒತ್ತಿದ. ಒಳಕ್ಕೆ ಹೋಯಿತು! ಇನ್ನೊಂದು ಕಡೆ ಒತ್ತಿದ. ಅಲ್ಲೂ ಒಳಕ್ಕೆ ಹೋಯಿತು!

"ಅಬ್ಬಬ್ಬಾ! ಹೊರಗಿಗಿಂತ ಒಳಗೇ ಜಾಸ್ತಿ ಕೆಟ್ಟದೆ!" ಅಂದುಕೊಂಡ.

ಸಣ್ಣತಾಯಮ್ಮ ಹಪ್ಪಳದ ಹಿಟ್ಟು ಕುಟ್ಟುತ್ತಿದ್ದಳು. ಹೊರಗೆ ಡಬ್ ಡಬ್ ಅಂತ ತಗಡು ಬಡಿಯುವ ಸದ್ದು. ಮಗ ಕೆಲಸ ಮಾಡುತ್ತಿದ್ದಾನೆ ಅಂತ ಅವಳಿಗೆ ಖುಷಿ. ಸದ್ದು ನಿಂತ ಮೇಲೆ ಹೋಗಿ ನೋಡಿದರೆ, ಹಿಂದಿನ ಸೀಟಿನ ಸ್ಪಂಜು, ನಾರು, ಸ್ಪ್ರಿಂಗು ಎಲ್ಲ ಅಂಗಳದ ತುಂಬ. ಸೀಟಿನ ಜಾಗದಲ್ಲಿ ಒಂದು ತಗಡು, ಸುತ್ತ ಮೊಳೆ. ಮೇಲೆ ಕೂತ ಕೋಳಿ ಜಾರಿ ಜಾರಿ ಬೀಳುತ್ತಿತ್ತು.

"ಸೀಟು ಎಲ್ಲೋ ಹಾಳಾದೋನೇ!"

"ನೀ ಹೇಳ್ದಂಗೇ ಮಾಡ್ದೆ ಕಣವ್ವ! ಒತ್ತಿದೆ, ಒಳಕ್ಕೆ ಹೋಯ್ತು. ಕತ್ತರಿಸ್ದೆ, ತೇಪೆ ಹಾಕ್ದೆ. ಈಗ ಒತ್ತು ನೋಡೋಣ, ಒಂಚೂರಾದ್ರೂ ಹೋಗುತ್ತಾ?"

ಸಣ್ಣತಾಯಮ್ಮನಿಗೆ ಅಳು ಬಂತು. ಮಗಳು ಕೂತು ಹೋಗಬೇಕಾದ ಸೀಟು, ಗಂಡ ದಿನಾ ಬೆಳಗ್ಗೆ ಎರಡೂ ಕೈಯಲ್ಲಿ ತಟ್ಟಿ ಧೂಳು ಕೊಡವುತ್ತಿದ್ದ ಸೀಟು. ವನಜ ಓಡಿ ಬಂದು ನೋಡಿದಳು, ನೋಡಿ ನಕ್ಕೇಬಿಟ್ಟಳು. "ಇರಲಿ ಬಿಡವ್ವ, ಅಣ್ಣಯ್ಯ ಗಟ್ಟಿಯಾಗೇ ಮಾಡವ್ನೆ. ಮೇಲೊಂದು ಕೌದಿ ಹಾಕಿದ್ರಾಯ್ತು."

"ನೀನು ಮಾತಾಡ್ಬೇಡ! ಬೋರೇಶ, ಕೇಳೋ ಇಲ್ಲಿ. ಮೆತ್ತಗಿರೋದು ಕಂಡ್ರೆ ಕತ್ತರಿಸೋದಲ್ಲ ಕಣೋ. ಮೆತ್ತಗಿರೋದಕ್ಕೆ ಒಳಗೆ ಹತ್ತಿ ತುಂಬಬೇಕು, ಮೇಲೆ ಒಳ್ಳೇ ಬಟ್ಟೆ ಹೊದಿಸಬೇಕು! ಗೊತ್ತಾಯ್ತಾ?"

"ಹಂಗೇ ಆಗ್ಲವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಆಮೇಲೆ ಪುಟ್ಟಿ ಹಾಕುವ ಕೆಲಸ. ಪುಟ್ಟಿ ಅಂದರೆ ತಗಡಿನ ಮೇಲಿನ ತಗ್ಗುಗಳಿಗೆ ಮೆತ್ತುವ ಮಸಾಲೆ. ಕಲಸಿದಾಗ ರೊಟ್ಟಿ ಹಿಟ್ಟಿನ ಹಾಗಿರುತ್ತದೆ, ಒಣಗಿದರೆ ಕಲ್ಲು. ಜಬ್ಬಾರ್ ಸಾಬರು ತಾವೇ ಕಲಸಿ, ತಾವೇ ಬಾಗಿಲ ಉದ್ದಕ್ಕೂ ನೀಟಾಗಿ ಬಳಿದು, "ಇದು ಒಣಗೋವರೆಗೂ ಸ್ವಲ್ಪ ನೋಡ್ಕೋ, ನಾನು ನಮಾಜು ಮುಗಿಸಿ ಬರ್ತೀನಿ" ಅಂದು ಹೋದರು.

ಬೋರೇಶ ಬೆರಳಿಟ್ಟು ನೋಡಿದ. ಮೆತ್ತಗಿತ್ತು! ಅವ್ವ ಹೇಳಿದ್ದು ತಟ್ಟನೆ ನೆನಪಾಯಿತು. ಒಳಗೆ ಓಡಿದ. ಮದುವೆ ದಿಂಬಿಗೆ ಅಂತ ತಂದಿಟ್ಟಿದ್ದ ಹತ್ತಿ ಇತ್ತು, ತಂದ. ಒಳ್ಳೇ ಬಟ್ಟೆ ಬೇಕಲ್ಲ? ಟ್ರಂಕಿನಲ್ಲಿ ಸಣ್ಣತಾಯಮ್ಮ ಮಗಳ ಮದುವೆಗೆ ಉಡಬೇಕು ಅಂತ ಎತ್ತಿಟ್ಟಿದ್ದ ಇಳಕಲ್ ಸೀರೆ ಇತ್ತು. ಅದಕ್ಕಿಂತ ಒಳ್ಳೇ ಬಟ್ಟೆ ಆ ಮನೆಯಲ್ಲಿ ಎಲ್ಲಿಯದು? ಪುಟ್ಟಿಗೆ ಹತ್ತಿ ತುಂಬಿದ, ಸೀರೆ ಹೊದಿಸಿದ, ಅಂಗೈಯಲ್ಲಿ ಚೆನ್ನಾಗಿ ಒತ್ತಿದ.

ಸಾಬರು ಬರುವ ಹೊತ್ತಿಗೆ ಎಲ್ಲ ಕಲ್ಲಾಗಿತ್ತು. ಬಾಗಿಲ ಸುತ್ತ ಹತ್ತಿ ಬೆಳ್ಳಗೆ ಇಳಿಬಿದ್ದು ಕಾರಿಗೆ ಮುದುಕರ ಗಡ್ಡ ಬಂದ ಹಾಗಿತ್ತು. ಸೀರೆಯ ಒಂದು ತುದಿ ಎಳೆದರೆ ಇಡೀ ಕಾರು ಅಲ್ಲಾಡುತ್ತಿತ್ತು.

"ನನ್ನ ಸೀರೆ!" ಅಂದಳು ಸಣ್ಣತಾಯಮ್ಮ.

"ನೀ ಹೇಳ್ದಂಗೇ..." ಅಂದ ಬೋರೇಶ.

"ಬಾಯ್ಮುಚ್ಚು! ಮಗಳ ಧಾರೆಗೆ ಏನು ಉಡ್ಲೋ ನಾನು? ಕಾರು ಉಟ್ಕೊಂಡು ಕೂತದಲ್ಲೋ!"

ಜಬ್ಬಾರ್ ಸಾಬರು ಗಡ್ಡ ತುರಿಸಿಕೊಂಡರು. ಕಾರಿನದಲ್ಲ, ತಮ್ಮದು. "ತಂಗಿ, ಬೈದು ಫಲವಿಲ್ಲ. ಬೋರೇಶ, ಇದನ್ನೆಲ್ಲ ಕೆರೆದು ತೆಗೆ. ನಾನು ಮತ್ತೆ ಬಳೀತೀನಿ. ಒಣಗಿದ ಮೇಲೆ ನೀರು ಹಾಕ್ಕೊಂಡು ಈ ಉಪ್ಪುಕಾಗದದಲ್ಲಿ ನಯವಾಗಿ ಉಜ್ಜು. ಕಣ್ಣು ಮುಚ್ಚಿ ಅಂಗೈ ಸವರಿದ್ರೆ ಎಲ್ಲೂ ಏನೂ ತಡೀಬಾರದು!"

"ಮುಂದಿಂದ ಹಿಂದಿನವರೆಗೂನಾ?"

"ಮುಂದಿಂದ ಹಿಂದಿನವರೆಗೂ!"

"ಒಳಗೂನಾ?"

"ಹೂಂ, ಒಳಗೂ!" ಅಂದುಬಿಟ್ಟರು ಸಾಬರು. ಅವರಿಗೂ ಇವನ ಸಹವಾಸ ಇನ್ನೂ ಪೂರ್ತಿ ಆಗಿರಲಿಲ್ಲ.

ಮತ್ತೆ ಬಳಿದ ಪುಟ್ಟಿ ಒಣಗಿದ ಮೇಲೆ ಬೋರೇಶ ಉಜ್ಜಿ, ಕಣ್ಣು ಮುಚ್ಚಿಕೊಂಡು ಅಂಗೈ ಸವರಿದ. ಏನೋ ತಡೆಯಿತು. ಕಣ್ಣು ಬಿಟ್ಟು ನೋಡಿದ, ಬಾಗಿಲ ಹಿಡಿ. ಸ್ಪ್ಯಾನರ್ ತಂದು ಬಿಚ್ಚಿದ. ಮತ್ತೆ ಕಣ್ಣು ಮುಚ್ಚಿದ, ಸವರಿದ. ಕನ್ನಡಿ ತಡೆಯಿತು, ಬಿಚ್ಚಿದ. ವೈಪರ್ ತಡೆಯಿತು, ಕಿತ್ತ. ಮುಂದಿನ ದೀಪ, ಹಿಂದಿನ ದೀಪ, ಕಾರಿನ ಹೆಸರು ಬರೆದ ಬಿಲ್ಲೆ, ಒಳಗಿನ ಹಿಡಿಗಳು, ಎಲ್ಲ ಬಂತು. ತೂತುಗಳಿಗೆಲ್ಲ ಪುಟ್ಟಿ ಮೆತ್ತಿ, ಉಜ್ಜಿ, ಬಾಗಿಲುಗಳನ್ನು ಮುಚ್ಚಿ, ಬಿಚ್ಚಿದ್ದನ್ನೆಲ್ಲ ಒಂದು ಚೀಲಕ್ಕೆ ತುಂಬಿ ದಾರಿಯಲ್ಲಿ ಹೋಗುತ್ತಿದ್ದ ಗುಜರಿಯವನ ಗಾಡಿಗೆ ಹಾಕಿದ.

ಕಾರು ಎಷ್ಟು ನಯವಾಗಿತ್ತು ಅಂದರೆ ಅದರ ಮುಖ ಯಾವ ಕಡೆ ಅಂತಲೇ ತಿಳಿಯುತ್ತಿರಲಿಲ್ಲ. ಒಳಗೆ ಕೊಕ್ಕೊಕ್ಕೋ ಅಂತ ಸದ್ದು.

"ಕೋಳಿ ಒಳಗಿದೆಯಲ್ಲೋ! ಬಾಗಿಲು ತೆಗಿ!" ಅಂದಳು ಸಣ್ಣತಾಯಮ್ಮ.

"ಹೆಂಗೆ ತೆಗೀಲಿ? ಹಿಡಿಯೇ ಇಲ್ಲ."

"ಹಿಡಿ ಎಲ್ಲೋ?"

"ತಡೀತಿತ್ತು ಕಣವ್ವ."

ಸಾಬರು ಕಿಟಕಿಯ ಸಂದಿಯಿಂದ ತಂತಿ ಬಿಟ್ಟು ಬಾಗಿಲು ತೆಗೆದರು, ಕೋಳಿ ಶಾಪ ಹಾಕುತ್ತ ಹೊರಬಂತು. ವನಜ ರೈಲ್ವೆ ಗೇಟಿನವರೆಗೂ ಓಡಿ ಗುಜರಿಯವನನ್ನು ಹಿಡಿದು ಚೀಲ ವಾಪಸು ತಂದಳು. ಎಲ್ಲ ಸಿಕ್ಕಿತು, ಸಾಬರು ಮತ್ತೆ ಜೋಡಿಸಿದರು. ಹಿಂದಿನ ಬಾಗಿಲುಗಳ ಒಳಗಿನ ಹಿಡಿ ಎರಡು ಮಾತ್ರ ಎಲ್ಲಿ ಬಿದ್ದವೋ ಸಿಗಲಿಲ್ಲ. ಹಿಂದೆ ಕೂತವರು ಒಳಗಿನಿಂದ ಬಾಗಿಲು ತೆಗೆಯುವ ಹಾಗಿರಲಿಲ್ಲ, ಹೊರಗಿನವರೇ ತೆಗೆಯಬೇಕು. "ಮದುವೆ ಹೆಣ್ಣು ಹೆಂಗೂ ತಾನೇ ಬಾಗಿಲು ತೆಗೆಯಲ್ಲವಲ್ಲ, ನಡೆಯುತ್ತೆ ಬಿಡು" ಅಂದರು ಸಾಬರು. ಈ ಹಿಡಿಯ ಸಂಗತಿ ನೆನಪಿಟ್ಟುಕೊಳ್ಳಿ.

ಸಣ್ಣತಾಯಮ್ಮ ಮಗನನ್ನು ಮುಂದೆ ಕೂರಿಸಿಕೊಂಡಳು. ಈ ಸಲ ಬೈಯಲಿಲ್ಲ, ಮೆಲ್ಲಗೇ ಹೇಳಿದಳು. "ಮಗಾ, ನಾಳೆ ಬಣ್ಣದ ಕೆಲಸ. ನೀನು ಬರೀ ಹಳೇ ನ್ಯೂಸ್‌ಪೇಪರ್ ಅಂಟಿಸೋದು ಅಷ್ಟೇ. ಯಾವುದು ಕೆಡಬಾರದೋ ಅದಕ್ಕೆ ಪೇಪರ್ ಅಂಟಿಸು. ನಮಗೆ ಯಾವುದು ಮುಖ್ಯವೋ ಅದರ ಮೇಲೆ ಒಂದು ಹನಿ ಬಣ್ಣ ಬೀಳಬಾರದು. ತಿಳೀತಾ?"

"ತಿಳೀತವ್ವ."

"ಏನು ತಿಳೀತು ಹೇಳು."

"ಮುಖ್ಯವಾದ್ದಕ್ಕೆ ಪೇಪರ್ ಅಂಟಿಸ್ಬೇಕು."

"ನನ್ನಪ್ಪ!" ಅಂತ ಅವಳು ತಲೆ ಸವರಿದಳು. ಮನಸ್ಸಿಗೆ ಎಷ್ಟೋ ನಿರಾಳವಾಯಿತು.

ಬೆಳಗ್ಗೆ ಬೋರೇಶ ಕಾರಿನ ಮುಂದೆ ನಿಂತು ಯೋಚನೆ ಮಾಡಿದ. ಗಾಜು ಮುಖ್ಯವೋ? ಒಡೆದರೆ ಬೇರೆ ಸಿಗುತ್ತೆ. ಟೈರು ಮುಖ್ಯವೋ? ಅದೂ ಸಿಗುತ್ತೆ. ಕಾರು? ಅಪ್ಪನ ಕಾರು! ಇಂಥದ್ದು ಬೇರೆ ಸಿಗಲ್ಲ ಅಂತ ಅವ್ವ ದಿನಾ ಹೇಳುತ್ತಾಳೆ. ಬಾನೆಟ್ಟಿನಿಂದ ಡಿಕ್ಕಿವರೆಗೆ, ಬಾಗಿಲು, ಮಡ್‌ಗಾರ್ಡು, ಛಾವಣಿ, ತಗಡು ಒಂದಿಷ್ಟೂ ಕಾಣದ ಹಾಗೆ ಪೇಪರ್ ಅಂಟಿಸಿದ. ಸಾಬರು ಬರುವುದು ತಡವಾಯಿತು. ಪಾಪ ಅವರಿಗೂ ವಯಸ್ಸಾಯಿತು, ಬಣ್ಣವನ್ನೂ ನಾನೇ ಹೊಡೆಯೋಣ ಅಂತ ಕಲಸಿಟ್ಟಿದ್ದ ಬಣ್ಣವನ್ನು ಪಂಪಿಗೆ ತುಂಬಿ ಹೊಡೆದೇಬಿಟ್ಟ. ಗಾಜಿಗೆಲ್ಲ ಕೆನೆ ಬಣ್ಣ, ಟೈರಿಗೆ ಕೆನೆ ಬಣ್ಣ, ದೀಪಕ್ಕೆ ಕೆನೆ ಬಣ್ಣ. ಮಿಕ್ಕಿದ್ದು ಪೇಪರಿಗೆ.

"ನೋಡವ್ವ! ಕಾರಿನ ಮೇಲೆ ಒಂದು ಹನಿ ಬಿದ್ದದಾ?"

ಬಿದ್ದಿರಲಿಲ್ಲ. ಸಣ್ಣತಾಯಮ್ಮ ಜಗುಲಿಯ ಮೇಲೆ ಕೂತೇಬಿಟ್ಟಳು. ಮದುವೆ ಹತ್ತಿರ ಬಂದಿತ್ತು. ಗಂಡನಿಗೆ ಕೊಟ್ಟ ಮಾತು ಒಂದು ಕಡೆ, ಹೊಟ್ಟೆಯಲ್ಲಿ ಹುಟ್ಟಿದ್ದು ಒಂದು ಕಡೆ.

ಅಂತೂ ತಾಯಿ ಮಗಳು ಕೂತು ಗಾಜು ಕೆರೆದರು, ಸಾಬರು ಪೇಪರ್ ಕಿತ್ತು ಬೋರೇಶನನ್ನು ಮನೆಯೊಳಗೆ ಕೂಡಿಹಾಕಿ ತಾವೇ ಬಣ್ಣ ಹೊಡೆದರು. ಆಹಾ! ಮರಿಯಪ್ಪ ಮೊದಲ ದಿನ ಊರಿಗೆ ತಂದಾಗ ಹೇಗಿತ್ತೋ ಹಾಗೇ ಆಯಿತು ಕಾರು. ಸಣ್ಣತಾಯಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ಮಗನಿಗೆ ಕೈಯಲ್ಲೊಂದು ಕೋಲು ಕೊಟ್ಟಳು.

"ಇದು ಒಣಗೋವರೆಗೂ ಕಾವಲು ಇರು. ನಾಯಿ ಬರಲಿ, ದನ ಬರಲಿ, ಯಾರೇ ಬರಲಿ, ಹತ್ತಿರಕ್ಕೆ ಬಿಟ್ಟೀಯ ಜೋಕೆ! ಬಂದೋರನ್ನ ಅಟ್ಟು!"

"ಹಂಗೇ ಆಗ್ಲವ್ವ!"

ಅವಳು ಅಂಗಡಿಗೆ ಹೋದಳು. ಆ ಹೊತ್ತಿಗೇ ಬರಬೇಕೇ ಬಾಣಾವರದ ಬೀಗಿತ್ತಿ ಹೊಂಬಾಳಮ್ಮ! ಸೊಸೆಗೆ ಧಾರೆ ಸೀರೆ ತಂದಿದ್ದಳು, ಹಿಂದೆ ಇಬ್ಬರು ಮುತ್ತೈದೆಯರು. ಹೊಸ ಕಾರಿನಂಥ ಕಾರು ಕಂಡು, "ಎಷ್ಟು ಚೆನ್ನಾಗಿದೆ!" ಅಂತ ಕೈ ಮುಂದೆ ಮಾಡಿದಳು.

"ಹೇಯ್! ಹಚಾ! ಹಚಾ!" ಅಂತ ಬೋರೇಶ ಕೋಲು ಬೀಸಿದ.

"ಏನಪ್ಪಾ, ನಾನು ನಿನ್ನ ತಂಗಿ ಅತ್ತೆ ಕಣೋ!"

"ಅತ್ತೆ ಬಂದ್ರೂ ಅಟ್ಟು, ದನ ಬಂದ್ರೂ ಅಟ್ಟು! ಹಚಾ!"

ಹೊಂಬಾಳಮ್ಮ ಧಾರೆ ಸೀರೆ ಎದೆಗವಚಿಕೊಂಡು ಓಡಿದಳು. ಸಣ್ಣತಾಯಮ್ಮ ತರಕಾರಿ ಚೀಲ ಹಿಡಿದು ಬರುತ್ತಿದ್ದರೆ ಎದುರಿಗೆ ಬೀಗಿತ್ತಿಯ ಮುಖ ಕೆಂಪಗೆ ಕೆಂಡವಾಗಿತ್ತು. "ಏನ್ರೀ ಬೀಗಿತ್ತಿ, ನಿಮ್ಮನೇಲಿ ಕಾರಿಗಿರೋ ಬೆಲೆ ಮನುಷ್ಯರಿಗಿಲ್ವಾ? ಈ ಸೀರೆ ವಾಪಸು ತಗೊಂಡು ಹೋಗ್ಲಾ?" ಅಂದಳು. ಸಣ್ಣತಾಯಮ್ಮ ಚೀಲ ಕೆಳಗಿಟ್ಟಳು. ಬೀದಿ ಅನ್ನದೆ ಕೈಮುಗಿದಳು. ಗಂಡ ಹೇಳಿದ ಮಾತು, ಕಾರು ಕೆಟ್ಟಿದ್ದು, ಎಮ್ಮೆ ಕಂಡಿದ್ದು, ಕೋಳಿ ಸಿಕ್ಕಿಕೊಂಡಿದ್ದು, ಸೀರೆ ಅಂಟಿದ್ದು, ಎಲ್ಲ ಹೇಳಿಕೊಂಡಳು. ಹೇಳುತ್ತ ಅತ್ತಳು. ಕೇಳುತ್ತ ಕೇಳುತ್ತ ಹೊಂಬಾಳಮ್ಮನ ತುಟಿ ಅದುರಿತು, ಕೋಪದಿಂದಲ್ಲ, ನಗು ತಡೆಯಲಾರದೆ.

"ಸರಿ ಬಿಡಿ. ಆದ್ರೆ ಒಂದು ಮಾತು. ನನ್ನ ಸೊಸೆ ಅದೇ ಕಾರಲ್ಲೇ ನನ್ನ ಹೊಸಲಿಗೆ ಬರ್ಬೇಕು. ಬೇರೆ ಯಾವುದ್ರಲ್ಲಿ ಬಂದ್ರೂ ನಾನು ಆರತಿ ಎತ್ತಲ್ಲ!"

ಮನೆಗೆ ಬಂದ ಸಣ್ಣತಾಯಮ್ಮ ಮಗನ ಕಿವಿ ಹಿಡಿದಳು.

"ಅಯ್ಯೋ, ನನ್ನ ಹೊಟ್ಟೇಲಿ ಹುಟ್ಟಿದ ಗುಂಡುಕಲ್ಲೇ! ದೊಡ್ಡ ಹೆಂಗಸು ಕಾರಿನ ಹತ್ರ ಬಂದ್ರೆ ಅಟ್ಟೋದಾ? ಕೈಮುಗಿದು, ಬಾಗಿಲು ತೆಗೆದು, ಹಿಂದಿನ ಸೀಟಲ್ಲಿ ಕೂರಿಸಿ, ಮೆಲ್ಲಗೆ ಬಾಣಾವರದ ಹೊಸಲಿಗೆ ಮುಟ್ಟಿಸಿ ಬರ್ಬೇಕು! ದಾರೀಲಿ ಯಾರು ಕೂಗಿದ್ರೂ ನಿಲ್ಲಿಸ್ಬಾರದು, ಗೀರು ಹಾಕಿಬಿಡ್ತಾರೆ!"

"ಹಂಗೇ ಆಗ್ಲವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮದುವೆ ಬಂತು. ಛತ್ರದ ಮುಂದೆ ಕಾರು ಹೂವಿನ ಹಾರ ಹಾಕಿಕೊಂಡು ನಿಂತಿತ್ತು. ಬೋರೇಶ ಹೊಸ ಶರಟು ಹಾಕಿಕೊಂಡು ಬಾಗಿಲ ಪಕ್ಕ ನಿಂತಿದ್ದ. ಒಳಗೆ ಧಾರೆ ಮುಗಿಯಿತು. ಹೊಂಬಾಳಮ್ಮ ಸೊಸೆಯನ್ನು ಮನೆ ತುಂಬಿಸಿಕೊಳ್ಳಬೇಕಲ್ಲ, ಹೊಸಲಿನ ಮೇಲೆ ಅಕ್ಕಿಯ ಸೇರು ಇಡಬೇಕು, ಆರತಿ ಸಿದ್ಧ ಮಾಡಬೇಕು ಅಂತ ಮೊದಲೇ ಬಸ್ಸು ಹತ್ತಿ ಬಾಣಾವರಕ್ಕೆ ಹೋದಳು.

ಸಣ್ಣತಾಯಮ್ಮ ಬೆಳಗ್ಗಿನಿಂದ ಕಂಬದ ಹಿಂದೆಯೇ ನಿಂತಿದ್ದಳು. ಗಂಡ ಇಲ್ಲದವಳು ಶಾಸ್ತ್ರಕ್ಕೆ ಮುಂದೆ ಬರಬಾರದು ಅಂತ ಯಾರೂ ಹೇಳಿರಲಿಲ್ಲ, ಯಾರೂ ಕರೆದೂ ಇರಲಿಲ್ಲ. ಇನ್ನೇನು ಹೆಣ್ಣು ಹೊರಡುವ ಹೊತ್ತು. ಮಗಳಿಗೆ ತಗಡು ಒತ್ತದಿರಲಿ ಅಂತ ಅವಳು ಮಡಿಲಕ್ಕಿಯ ಗಂಟು ಒಂದು ಕೈಲಿ, ಕೌದಿ ಒಂದು ಕೈಲಿ ಹಿಡಿದು ಕಾರಿನ ಹತ್ತಿರ ಬಂದಳು.

ಬೋರೇಶ ನೋಡಿದ. ದೊಡ್ಡ ಹೆಂಗಸು! ಕಾರಿನ ಹತ್ತಿರ!

ಕೈಮುಗಿದ. ಬಾಗಿಲು ತೆಗೆದ. ಅವಳು ಒಳಗೆ ಹತ್ತಿ ಕೌದಿ ಹಾಸುತ್ತಿದ್ದ ಹಾಗೇ ಬಾಗಿಲು ಹಾಕಿದ. ಮುಂದೆ ಕೂತು ಕೀ ತಿರುಗಿಸಿದ. ಗುರ್!

"ಏಯ್! ಎಲ್ಲಿಗೋ! ನಿಲ್ಸೋ!"

"ದಾರೀಲಿ ಯಾರು ಕೂಗಿದ್ರೂ ನಿಲ್ಲಿಸ್ಬಾರದು ಅಂತ ಅವ್ವ ಹೇಳವ್ಳೆ."

"ನಾನೇ ಕಣೋ ನಿಮ್ಮವ್ವ!"

"ನಿಮ್ಮ ಮಾತು ಕೇಳಿ ನಿಲ್ಲಿಸಿದ್ರೆ ಅವ್ವ ಬೈತಾಳೆ."

ಅವಳು ಬಾಗಿಲ ಹಿಡಿಗೆ ಕೈ ಹಾಕಿದಳು. ಹಿಡಿ ಎಲ್ಲಿದೆ? ಹಿಂದಿನ ಗಾಜಿನಲ್ಲಿ ನೋಡಿದಳು. ಛತ್ರದಿಂದ ಜನ ಕೈ ಬೀಸುತ್ತ ಓಡಿ ಬರುತ್ತಿದ್ದರು, ಮುಂದೆ ಜಬ್ಬಾರ್ ಸಾಬರು, ಅವರ ಹಿಂದೆ ಅಡುಗೆಯವನು ಸೌಟು ಹಿಡಿದುಕೊಂಡು. ಬೋರೇಶ ಅವರಿಗೂ ನಿಲ್ಲಿಸಲಿಲ್ಲ.

ಕೂಗಿ ಕೂಗಿ ಗಂಟಲು ಕಟ್ಟಿತು. ರೈಲ್ವೆ ಗೇಟು ದಾಟಿತು, ಊರು ದಾಟಿತು. ಕೌದಿಯ ಕೆಳಗೆ ತಗಡು ಡಬಡಬ ಅನ್ನುತ್ತಿತ್ತು. ಸಣ್ಣತಾಯಮ್ಮ ಸುಸ್ತಾಗಿ ಹಿಂದಕ್ಕೆ ಒರಗಿದಳು. ಆಗ ಹೊಳೆಯಿತು ಅವಳಿಗೆ, ತಾನು ಹಿಂದಿನ ಸೀಟಿನಲ್ಲಿ ಕೂತಿದ್ದೇನೆ! ಕಿಟಕಿಯಾಚೆ ರಾಗಿ ಹೊಲ, ತೆಂಗಿನ ತೋಟ ಮೆಲ್ಲಗೆ ಹಿಂದಕ್ಕೆ ಹೋಗುತ್ತಿದ್ದವು. ಹೊಲದಲ್ಲಿದ್ದ ಮುದುಕಿಯೊಬ್ಬಳು ಕಳೆ ಕೀಳುವುದು ಬಿಟ್ಟು ಎದ್ದು ನಿಂತು, "ಲೇ, ಮರಿಯಪ್ಪನ ಕಾರು ಕಣ್ರೇ!" ಅಂತ ಕೂಗಿ ಕೈ ಬೀಸಿದಳು. ಅವಳೂ ಇದರಲ್ಲೇ ಬಂದವಳಿರಬೇಕು. ಸಣ್ಣತಾಯಮ್ಮ ಕಿಟಕಿಯಿಂದ ಕೈ ಬೀಸಿದಳು. ಆಮೇಲೆ ಊರ ಹೆಣ್ಣುಮಕ್ಕಳೆಲ್ಲ ಕೂತು ಅತ್ತ ಜಾಗದಲ್ಲಿ ಅವಳೂ ಕೂತು ಒಂದಿಷ್ಟು ಅತ್ತಳು. ಸಂಕಟವಾಗಿ ಅಲ್ಲ.

ಬಾಣಾವರದಲ್ಲಿ ಕಾರು ಕಂಡದ್ದೇ ವಾಲಗ ಶುರುವಾಯಿತು. ಮಕ್ಕಳು ಹೂ ಎರಚಿದರು. ಹೊಂಬಾಳಮ್ಮ ಆರತಿ ತಟ್ಟೆ ಹಿಡಿದು ಹೊಸಲಿನ ಒಳಗೆ ನಿಂತಳು. ಬೋರೇಶ ಇಳಿದು, ಕೈಮುಗಿದು, ಹಿಂದಿನ ಬಾಗಿಲು ತೆಗೆದ. ಮಡಿಲಕ್ಕಿ ಹಿಡಿದುಕೊಂಡು, ತಲೆ ತುಂಬ ಹೂವಿನ ಎಸಳು ಮೆತ್ತಿಸಿಕೊಂಡು ಬೀಗಿತ್ತಿ ಸಣ್ಣತಾಯಮ್ಮ ಇಳಿದಳು!

ವಾಲಗ ನಿಂತಿತು.

"ಏನ್ ಬೀಗಿತ್ತೀ," ಅಂದಳು ಹೊಂಬಾಳಮ್ಮ, "ಮಗಳನ್ನ ಕಳಿಸಿ ಅಂದ್ರೆ ನಮ್ಮನೆ ತುಂಬೋಕೆ ನೀವೇ ಬಂದ್ರಾ?"

ಸಣ್ಣತಾಯಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೊಂಬಾಳಮ್ಮ ನೋಡಿದಳು, ನೋಡಿದಳು, ಗೊಳ್ಳೆಂದು ನಕ್ಕಳು. ಮನೆಯೆಲ್ಲ ನಕ್ಕಿತು. "ಆ ಕಾರಲ್ಲಿ ಬಂದೋರಿಗೆ ಆರತಿ ಎತ್ತೀನಿ ಅಂದಿದ್ದೆ. ಆಡಿದ ಮಾತು ತಪ್ಪಲ್ಲ ನಾನು!" ಅಂದವಳೇ ತಟ್ಟೆ ಎತ್ತಿ ಬೀಗಿತ್ತಿಯ ಮುಖದ ಮುಂದೆ ಮೂರು ಸುತ್ತು ಬೆಳಗಿದಳು. ಮರಿಯಪ್ಪ ಹೋದ ಮೇಲೆ ಸಣ್ಣತಾಯಮ್ಮನಿಗೆ ಯಾರೂ ಆರತಿ ಎತ್ತಿರಲಿಲ್ಲ. ಅವಳು ತಲೆ ತಗ್ಗಿಸಿ ನಿಂತಳು, ಕಣ್ಣ ತುಂಬ ದೀಪದ ಬೆಳಕು.

ಆಮೇಲೆ ಎಚ್ಚರವಾಯಿತು. "ಅಯ್ಯೋ, ವನಜ! ಬೋರೇಶ, ಓಡೋ! ಹುಡುಗೀನ ಕರ್ಕೊಂಡು ಬಾ! ಹುಡುಗಿ ಕಣೋ, ಹುಡುಗಿ! ಬೇರೆ ಯಾರನ್ನೂ ಹತ್ತಿಸ್ಬೇಡ! ಹತ್ತಿದ್ರೆ ಇಳಿಸು!"

"ಹಂಗೇ ಆಗ್ಲವ್ವ!"

ಹೋದ, ಬಂದ. ಮತ್ತೆ ವಾಲಗ, ಮತ್ತೆ ಹೂವು. ಬೋರೇಶ ಬಾಗಿಲು ತೆಗೆದ. ವನಜ ಇಳಿದಳು. ಅಪ್ಪನ ಕಾರಿನಿಂದ ಅಪ್ಪನ ಮಗಳು ಇಳಿದಳು. ಸಣ್ಣತಾಯಮ್ಮ ಮನಸ್ಸಿನಲ್ಲೇ ಗಂಡನಿಗೆ ಹೇಳಿದಳು, ನಿಮ್ಮ ಮಾತು ನಡೆಸಿದೆ ಕಣ್ರೀ ಅಂತ.

ವನಜ ಅಳುತ್ತಿರಲಿಲ್ಲ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು. ಅವಳ ಸೆರಗಿಗೆ ಗಂಟು ಹಾಕಿದ ಗಂಡಿನ ಶಲ್ಯ ಹಿಂದೆ ನೆಲದ ಮೇಲೆ ಎಳೆದುಕೊಂಡು ಬರುತ್ತಿತ್ತು. ಶಲ್ಯ ಇತ್ತು, ಗಂಡು ಇರಲಿಲ್ಲ.

"ನನ್ನ ಮಗ ಎಲ್ಲಪ್ಪಾ?" ಅಂದಳು ಹೊಂಬಾಳಮ್ಮ.

"ಭಾವನೂ ಹತ್ತಿ ಕೂತಿದ್ರು. ಇಳಿಸ್ದೆ," ಅಂದ ಬೋರೇಶ. "ಅವರು ಹುಡುಗಿ ಅಲ್ಲವಲ್ಲ!"

ಸಣ್ಣತಾಯಮ್ಮ ಹಣೆಗೆ ಕೈ ಎತ್ತಿದಳು. ಅಯ್ಯೋ ಅಂತ ಬಾಯಿ ತೆರೆದಳು. ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ಛತ್ರದ ಪಾತ್ರೆ ಹೊತ್ತ ಗೂಡ್ಸ್ ಆಟೋ ಕಂಡಿತು. ಮದುಮಗ ಲೋಕೇಶ ಬಾಸಿಂಗ ಕಟ್ಟಿಕೊಂಡು, ಬೋರಲು ಹಾಕಿದ ಹಂಡೆಯ ಮೇಲೆ ಕೂತು, ಎರಡೂ ಕೈಯಲ್ಲಿ ಸಾರಿನ ಕೊಳದಪ್ಪಲೆ ಅಪ್ಪಿಕೊಂಡು ಬರುತ್ತಿದ್ದ.

ಬೋರೇಶ ಅವ್ವನ ಮುಖವನ್ನೇ ನೋಡುತ್ತ ನಿಂತಿದ್ದ, ಮುಂದೇನು ಮಾಡಬೇಕು ಹೇಳು ಅಂತ.

ಸಣ್ಣತಾಯಮ್ಮ ಎಲ್ಲರನ್ನೂ ಒಂದು ಸಲ ನೋಡಿದಳು. ಮಗಳನ್ನು ನೋಡಿದಳು, ಕಾರು ನೋಡಿದಳು, ಹಂಡೆಯ ಮೇಲಿನ ಅಳಿಯನನ್ನು ನೋಡಿದಳು. ತೆರೆದ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಳು. ಅವತ್ತು ಅವಳು ಅವನಿಗೆ ಒಂದೇ ಒಂದು ಬುದ್ಧಿಮಾತೂ ಹೇಳಲಿಲ್ಲ. ಮದುವೆ ಉಳಿದದ್ದೇ ಅದರಿಂದ.

ಅವರು ಅಲ್ಲಿ ಒಬ್ಬಟ್ಟು ಉಂಡರು, ಬೋರೇಶ ಎರಡು ಜಾಸ್ತಿ ಉಂಡ. ನಮಗೆ ಸಿಕ್ಕಿದ್ದು ಈ ಕತೆ ಒಂದೇ.